ಗಡಿ ದಾಟುವ ಡಿವಿಡೆಂಡ್: 'ಆಗಿರುವ' ಎಂದರೆ ಯಾವಾಗ?

ದುಬೈನಲ್ಲಿ ನೆಲೆಸಿದ ಮಂಗಳೂರಿಗರೊಬ್ಬರ ಹೆಸರಲ್ಲಿ ಇನ್ಫೊಸಿಸ್ ಷೇರುಗಳಿವೆ ಎನ್ನಿ. 10,000 ರೂಪಾಯಿ ಡಿವಿಡೆಂಡ್‌ಗೆ ಸೆಸ್ ಸೇರಿ 2,080 ರೂಪಾಯಿ ಟಿಡಿಎಸ್ ಮುರಿಯುತ್ತಾರೆ. ಯುಎಇಯ ತೆರಿಗೆ ನಿವಾಸ ಪ್ರಮಾಣಪತ್ರ, ಜೊತೆಗಿನ ಘೋಷಣೆಗಳು ಸಕಾಲಕ್ಕೆ ಕಂಪನಿಯ ಕೈಸೇರಿದ್ದರೆ 1,000 ಮಾತ್ರ. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ಭಾರತ ಮತ್ತು ಯುಎಇ ಮಾಡಿಕೊಂಡ ಒಪ್ಪಂದದ ದರ ಇದು. ಅಮೆರಿಕದಲ್ಲಿರುವ ತಮ್ಮನಿಗೆ ಈ ಅನುಕೂಲವಿಲ್ಲ. ಅಮೆರಿಕದ ಜೊತೆಗಿನ ಒಪ್ಪಂದದ ದರವೇ ಶೇ 25, ಅದಕ್ಕಿಂತ ನಮ್ಮ ಕಾಯ್ದೆಯೇ ಹಗುರ. ಎರಡರಲ್ಲಿ ಯಾವುದು ಹಗುರವೋ ಅದನ್ನು ಆರಿಸಿಕೊಳ್ಳಬಹುದು.

1997ರಿಂದ, ನಡುವೆ ಒಂದು ವರ್ಷ ಬಿಟ್ಟರೆ, ಡಿವಿಡೆಂಡ್ ವಿತರಣಾ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. 2020ರ ಏಪ್ರಿಲ್ 1ರಿಂದ ಹೊರೆ ಷೇರುದಾರರ ಹೆಗಲೇರಿತು. ಅಲ್ಲಿಯವರೆಗೆ ಮಲಗಿದ್ದ ಒಪ್ಪಂದಗಳ ದೂಳು ಕೊಡವಬೇಕಾಯಿತು.

ಕಗ್ಗಂಟಾದದ್ದು ನೆದರ್ಲೆಂಡ್ಸ್ ಜೊತೆಗಿನ 1988ರ ಒಪ್ಪಂದ. ದರ ಶೇ 10. ಆದರೆ ಅದರ ಪ್ರೋಟೊಕಾಲ್‌ನಲ್ಲಿ, ಅಂದರೆ ಅನುಬಂಧದಲ್ಲಿ, ಪರಮಾಪ್ತ ರಾಷ್ಟ್ರದ ಷರತ್ತೊಂದಿತ್ತು: ಮುಖ್ಯವಾಗಿ ಸಿರಿವಂತ ದೇಶಗಳ ಕೂಟವಾದ ಒಇಸಿಡಿಯ ಸದಸ್ಯ 'ಆಗಿರುವ' ಬೇರೆ ದೇಶಕ್ಕೆ ಭಾರತ ಮುಂದೆ ಕಡಿಮೆ ದರ ಕೊಟ್ಟರೆ ಅದು ಡಚ್ಚರಿಗೂ ಸಲ್ಲಬೇಕು. ಶೇ 10ರಷ್ಟಾದರೂ ಷೇರು ಹೊಂದಿದ ಸ್ಲೊವೇನಿಯಾದ ಕಂಪನಿಗಳಿಗೆ ಭಾರತ ಶೇ 5ರ ದರ ಒಪ್ಪಿದ್ದು 2003ರಲ್ಲಿ. ಆ ದೇಶ ಒಇಸಿಡಿ ಸೇರಿದ್ದು 2010ರಲ್ಲಿ. ಲಿಥುವೇನಿಯಾ, ಕೊಲಂಬಿಯಾಗಳದೂ ಇದೇ ಕಥೆ. ಹಾಗಾದರೆ 'ಆಗಿರುವ' ಎಂದರೆ ಯಾವಾಗ? ಆ ದೇಶದ ಜೊತೆಗಿನ ಒಪ್ಪಂದಕ್ಕೆ ಸಹಿ ಬಿದ್ದ ದಿನವೋ, ಡಿವಿಡೆಂಡ್ ಕೈಗೆ ಬಂದ ದಿನವೋ?

ನೆದರ್ಲೆಂಡ್ಸ್ 2012ರಲ್ಲೇ ತನ್ನ ಕಡೆಯಿಂದ ಶೇ 5 ಎಂದು ಓದಿಕೊಂಡಿತ್ತು. 2021ರಲ್ಲಿ ದೆಹಲಿ ಹೈಕೋರ್ಟ್ ಕೂಡ ಹಾಗೇ ಓದಿತು. 2022ರ ಫೆಬ್ರುವರಿಯಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ (ಸಿಬಿಡಿಟಿ) ಸುತ್ತೋಲೆ ಹೊರಡಿಸಿ, ಪ್ರತ್ಯೇಕ ಅಧಿಸೂಚನೆಯಿಲ್ಲದೆ ಏನೂ ಸಿಗದು ಎಂದಿತು. 2023ರ ಅಕ್ಟೋಬರ್‌ನಲ್ಲಿ ನೆಸ್ಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡೂ ಅಂಶಗಳಲ್ಲಿ ತೆರಿಗೆ ಇಲಾಖೆಯ ವಾದ ಎತ್ತಿಹಿಡಿಯಿತು: ಆ ಬೇರೆ ದೇಶ ಸಹಿಯ ದಿನವೇ ಸದಸ್ಯನಾಗಿರಬೇಕು, ಅಧಿಸೂಚನೆಯೂ ಬೇಕು. ಕಾನೂನಿನ ಲೆಕ್ಕದಲ್ಲಿ ತರ್ಕ ಗಟ್ಟಿಯೇ. ಆದರೂ, ಒಪ್ಪಂದ ನಂಬಿ ದುಡ್ಡು ಹಾಕಿದವರು ಇನ್ನು ಗೆಜೆಟ್ಟನ್ನೂ ಕಾಯುತ್ತ ಕೂರಬೇಕು ಎಂದಾಯಿತಲ್ಲ!

ಇಂಥದ್ದೇ ಷರತ್ತಿದ್ದ ಸ್ವಿಟ್ಜರ್ಲೆಂಡ್ 2024ರ ಡಿಸೆಂಬರ್‌ನಲ್ಲಿ ಉತ್ತರ ಕೊಟ್ಟಿತು. ನಮಗೆ ಸಿಗದ ಶೇ 5 ನಿಮಗೂ ಇಲ್ಲ, 2025ರ ಜನವರಿ 1ರಿಂದ. ಸ್ವಿಸ್ ಕಂಪನಿಯ ಷೇರಿರುವ ಭಾರತೀಯರಿಗೆ ಅಲ್ಲಿ ಮೊದಲು ಮುರಿಯುವುದು ಶೇ 35. ಮರುಪಾವತಿಗೆ ಅರ್ಜಿ ಹಾಕಿದ ಮೇಲೂ ಅಲ್ಲೇ ಉಳಿಯುವುದು ಈಗ 5 ಅಲ್ಲ, 10. ಅದನ್ನು ಇಲ್ಲಿ ರಿಟರ್ನ್ಸ್ ಸಲ್ಲಿಸುವಾಗ ಇಲ್ಲಿನ ತೆರಿಗೆಯಲ್ಲಿ ಕಳೆಯುವಂತೆ (ಕ್ರೆಡಿಟ್) ಕೇಳಬಹುದು, ಅದರ ಕಾಗದಪತ್ರ ಬೇರೆ.