ಹಳೆಯ ಮೇಲ್ ಪ್ರೋಗ್ರಾಂ ಬಿಡುವ ಮುನ್ನ

ಒಂದು ಬೆಳಿಗ್ಗೆ ನನ್ನ ಕಂಪ್ಯೂಟರಿನ ಮೇಲ್ ಪ್ರೋಗ್ರಾಂ ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಮತ್ತೆ ಕೇಳಿತು. ಮತ್ತೆ ಕೊಟ್ಟೆ. ಅದೇ ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಹಾಕಿದರೆ ಇನ್‌ಬಾಕ್ಸ್ ಸಲೀಸಾಗಿ ತೆರೆದುಕೊಳ್ಳುತ್ತಿತ್ತು. ಹನ್ನೆರಡು ವರ್ಷ ಬಳಸಿದ ಪ್ರೋಗ್ರಾಂ ಅದು. ಅಷ್ಟೂ ವರ್ಷಗಳ ಪತ್ರಗಳು ಅದರೊಳಗಿದ್ದವು. ಅದನ್ನು ಮಾಡಿದವರು ಹೊಸ ಆವೃತ್ತಿ ತರುವುದನ್ನು ಎಂದೋ ನಿಲ್ಲಿಸಿದ್ದರು. ಕೆಲಸ ನಡೆಯುತ್ತಲೇ ಇದ್ದುದರಿಂದ ನಾನು ಅತ್ತ ಗಮನ ಕೊಟ್ಟಿರಲಿಲ್ಲ.

ಬೇರೊಂದು ಪ್ರೋಗ್ರಾಂ ಹುಡುಕಲು ಹೊರಟೆ. ಎರಡು ದಿನ ಬರೀ ನೋಟ, ಬಣ್ಣ, ಬಟನ್‌ಗಳನ್ನೇ ಹೋಲಿಸಿದೆ. ಆಮೇಲೆ ಗೊತ್ತಾಯಿತು, ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ. ನನ್ನ ಪತ್ರಗಳು ಈಗ ಎಲ್ಲಿವೆ? ಯಾವ ರೂಪದಲ್ಲಿವೆ? ಇದಕ್ಕೆ ಉತ್ತರ ಸಿಗದೆ ಯಾವ ಹೊಸ ಪ್ರೋಗ್ರಾಂ ಆರಿಸಿದರೂ ಅದು ಸುಮ್ನೆ ಊಹೆಯ ಆಯ್ಕೆ.

ಇಮೇಲ್ ಸಾಗಿಸುವ ಕ್ರಮ ಮಾತ್ರ ಅಷ್ಟೇನೂ ಬದಲಾಗಿಲ್ಲ. ಒಂದು ಕಂಪ್ಯೂಟರಿನಿಂದ ಜಾಲದ ಮೇಲೆ ಇನ್ನೊಂದಕ್ಕೆ ಸಂದೇಶ ಕಳಿಸಲು ರೇ ಟಾಮ್ಲಿನ್‌ಸನ್ ಅವರು @ ಚಿಹ್ನೆ ಬಳಸಿದ್ದು 1971ರಲ್ಲಿ. ಪತ್ರ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರಲ್ಲಿ. ಸರ್ವರ್‌ಗಳು ಇವತ್ತಿಗೂ ಹೆಚ್ಚುಕಡಿಮೆ ಅದೇ ಮಾತು ಆಡುತ್ತವೆ: ನಮಸ್ಕಾರ, ಇವರಿಂದ ಬಂದಿದೆ, ಇವರಿಗೆ ಹೋಗಬೇಕು, ಇಗೋ ಪತ್ರ. ಹಾಗಿದ್ದ ಮೇಲೆ ಪ್ರೋಗ್ರಾಂ ಹಳತಾಗುವುದು ಹೇಗೆ?

ಬಹಳ ಸಲ ಬೀಗದಿಂದ. ಪ್ರೋಗ್ರಾಂ ಮತ್ತು ಸರ್ವರ್ ಮಾತು ಶುರು ಮಾಡುವ ಮೊದಲು ಒಂದು ಗುಟ್ಟಿನ ಕೀಲಿಯನ್ನು ಒಪ್ಪಿಕೊಳ್ಳುತ್ತವೆ. ದಾರಿಯಲ್ಲಿ ಕದ್ದು ಕೇಳುವವರಿಗೆ ಅರ್ಥವಾಗಬಾರದಲ್ಲ! ಈ ವ್ಯವಸ್ಥೆಯ ಹೆಸರು ಟಿಎಲ್‌ಎಸ್. ಅದರ 1.0 ಆವೃತ್ತಿ ಬಂದದ್ದು 1999ರಲ್ಲಿ, 1.1 ಬಂದದ್ದು 2006ರಲ್ಲಿ. ಎರಡರಲ್ಲೂ ದೌರ್ಬಲ್ಯ ಕಂಡುಬಂದು, 2021ರ ಮಾರ್ಚಿನಲ್ಲಿ ಅವನ್ನು ಅಧಿಕೃತವಾಗಿ ಕೈಬಿಡಲಾಯಿತು. ಈಗ ನಡೆಯುವುದು 1.2 ಮತ್ತು 1.3. ಹಳೆಯ ಆವೃತ್ತಿಗಳಷ್ಟೇ ಗೊತ್ತಿರುವ ಪ್ರೋಗ್ರಾಂ ಸರ್ವರಿನ ಬಾಗಿಲಲ್ಲೇ ನಿಲ್ಲುತ್ತದೆ.

ಇನ್ನೊಂದು ಬೀಗ ಪಾಸ್‌ವರ್ಡಿನದು. ಹಳೆಯ ಪದ್ಧತಿಯಲ್ಲಿ ಪ್ರೋಗ್ರಾಂ ನಿಮ್ಮ ಪಾಸ್‌ವರ್ಡನ್ನು ತನ್ನ ಬಳಿಯೇ ಇಟ್ಟುಕೊಂಡು, ಪ್ರತಿ ಸಲವೂ ಸರ್ವರಿಗೆ ಒಪ್ಪಿಸುತ್ತಿತ್ತು. ಕಂಪ್ಯೂಟರಿಗೆ ಕಳ್ಳ ನುಗ್ಗಿದರೆ ಇಡೀ ಖಾತೆಯೇ ಅವನ ಕೈಗೆ. 2012ರಲ್ಲಿ ಪ್ರಕಟವಾದ ಓಆತ್ 2.0 ಎಂಬ ಕ್ರಮದಲ್ಲಿ ಹಾಗಿಲ್ಲ. ನೀವು ಪಾಸ್‌ವರ್ಡ್ ಹಾಕುವುದು ಮೇಲ್ ಸೇವೆಯದೇ ಪುಟದಲ್ಲಿ. ಪ್ರೋಗ್ರಾಮಿಗೆ ಸಿಗುವುದು ಒಂದು ಟೋಕನ್, ಅಂದರೆ ಒಳಬರುವ ಚೀಟಿ ಮಾತ್ರ. ಬೇಡವೆನಿಸಿದಾಗ ಆ ಟೋಕನ್ ಒಂದನ್ನೇ ರದ್ದು ಮಾಡಬಹುದು. 2022ರ ಮೇ 30ರಿಂದ ಜಿಮೇಲ್‌ನ ವೈಯಕ್ತಿಕ ಖಾತೆಗಳಲ್ಲಿ ಬರೀ ಮಾಮೂಲಿ ಪಾಸ್‌ವರ್ಡ್ ಕೊಟ್ಟು ಒಳಬರುವ ದಾರಿ ಮುಚ್ಚಿತು. ಅದೇ ವರ್ಷದ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಯಲ್ಲೂ ಹಳೆಯ ದಾರಿಯನ್ನು ಮುಚ್ಚತೊಡಗಿತು. ಬಳಸುವವರಿಗೆ ಇದು ಕಿರಿಕಿರಿಯೇ. ಆದರೂ ಸರಿಯಾದ ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ. ಹೀಗಾಗಿ ಹೊಸ ಪ್ರೋಗ್ರಾಮಿಗೆ ಓಆತ್ ಮತ್ತು ಟಿಎಲ್‌ಎಸ್ 1.2 ಗೊತ್ತಿರಲೇಬೇಕು. ಈಗಲೂ ಹೊಸ ಆವೃತ್ತಿಗಳನ್ನು ತರುತ್ತಿರುವ ಹೆಚ್ಚಿನ ಪ್ರೋಗ್ರಾಂಗಳಲ್ಲಿ ಇವೆರಡೂ ಇವೆ. ಕೊನೆಯ ಆವೃತ್ತಿ ಯಾವಾಗ ಬಂತು ಎಂದು ಒಮ್ಮೆ ನೋಡಿ, ಮುಂದಕ್ಕೆ ಹೋಗಿ.

ಈಗ ಪತ್ರಗಳು ಇರುವ ಜಾಗಕ್ಕೆ ಬರೋಣ. ಇದರಲ್ಲಿ ಎರಡು ಪದ್ಧತಿಗಳಿವೆ. 1984ರಲ್ಲಿ ಮೊದಲ ರೂಪ ಕಂಡ ಪಾಪ್ ಎಂಬ ಪದ್ಧತಿಯ ಲೆಕ್ಕಾಚಾರ ಸರಳ. ಸರ್ವರಿನಲ್ಲಿ ಜಾಗ ಕಡಿಮೆ, ಸಂಪರ್ಕ ಇರುವುದೂ ಸ್ವಲ್ಪ ಹೊತ್ತು. ಅದಕ್ಕೇ ಬಂದು ಪತ್ರ ತೆಗೆದುಕೊಂಡು ಹೋಗು, ಸರ್ವರ್ ಖಾಲಿ ಮಾಡು. ಆಮೇಲೆ ಪತ್ರ ಇರುವುದು ನಿಮ್ಮ ಡಿಸ್ಕಿನಲ್ಲಿ ಮಾತ್ರ. 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ಐಮ್ಯಾಪ್ ಎಂಬ ಎರಡನೆಯ ಪದ್ಧತಿ ರೂಪಿಸಿದರು. ಅದರಲ್ಲಿ ಮೂಲ ಪತ್ರ ಸರ್ವರಿನಲ್ಲೇ ಇರುತ್ತದೆ. ನಿಮ್ಮ ಪರದೆಯಲ್ಲಿ ಕಾಣುವುದು ಅದರ ಪ್ರತಿಬಿಂಬ. ಓದಿದ್ದು, ಉತ್ತರಿಸಿದ್ದು, ಅಳಿಸಿದ್ದು ಎಲ್ಲವೂ ಸರ್ವರಿನಲ್ಲಿ ದಾಖಲಾಗುತ್ತದೆ. ಫೋನಿನಲ್ಲಿ ಓದಿದ ಪತ್ರ ಕಂಪ್ಯೂಟರಿನಲ್ಲೂ ಓದಿದ ಹಾಗೆಯೇ ಕಾಣಲು ಇದೇ ಕಾರಣ.

ನೀವು ಐಮ್ಯಾಪ್ ಬಳಸುತ್ತಿದ್ದರೆ ಅರ್ಧ ತಲೆನೋವು ಇಲ್ಲಿಗೇ ಮುಗಿಯಿತು. ಹೊಸ ಪ್ರೋಗ್ರಾಂ ಹಾಕಿ ಲಾಗಿನ್ ಆದರೆ ಪತ್ರಗಳು ತಾವಾಗಿಯೇ ಇಳಿಯುತ್ತವೆ. ಆದರೆ ಐಮ್ಯಾಪ್ ಬ್ಯಾಕಪ್ ಅಲ್ಲ, ಇದನ್ನು ಮರೆಯಬೇಡಿ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಹೋಗುತ್ತದೆ. ಇನ್ನು ‘ಲೋಕಲ್ ಫೋಲ್ಡರ್ಸ್’ ಎಂಬ ಹೆಸರಿನಡಿ ಪತ್ರಗಳಿದ್ದರೆ ಅವು ಸರ್ವರಿನಲ್ಲಿ ಇರುವುದಿಲ್ಲ. ಐಮ್ಯಾಪ್ ಬಳಸುವವರೂ ಜಾಗ ಸಾಲದೆ ಹಳೆಯ ಪತ್ರಗಳನ್ನು ಅಲ್ಲಿಗೆ ಎಳೆದು ಹಾಕಿರುತ್ತಾರೆ, ಆಮೇಲೆ ಮರೆತೂ ಬಿಡುತ್ತಾರೆ.

ಡಿಸ್ಕಿನಲ್ಲಿ ಪತ್ರಗಳು ಯಾವ ರೂಪದಲ್ಲಿ ಇರುತ್ತವೆ ಎನ್ನುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸಿದ ವಿಷಯ. ಹಳೆಯ, ತೆರೆದ ರೂಪ ಎಂಬಾಕ್ಸ್ (mbox). ಒಂದು ಫೋಲ್ಡರಿನ ಎಲ್ಲ ಪತ್ರಗಳೂ ಒಂದೇ ಉದ್ದನೆಯ ಪಠ್ಯದ ಫೈಲಿನಲ್ಲಿ ಒಂದರ ಕೆಳಗೊಂದು ಇರುತ್ತವೆ. ಹೊಸ ಪತ್ರ ಶುರುವಾಯಿತು ಎಂದು ತಿಳಿಯುವುದು ಸಾಲಿನ ಆರಂಭದಲ್ಲಿ ‘ಫ್ರಮ್’ ಎಂಬ ಇಂಗ್ಲಿಷ್ ಪದ ಮತ್ತು ಒಂದು ಖಾಲಿ ಜಾಗ ಇರುವುದರಿಂದ. ಪತ್ರ ಬರೆದವರೇ ಒಂದು ಸಾಲನ್ನು ಆ ಪದದಿಂದ ಶುರು ಮಾಡಿದ್ದರೆ? ಅಲ್ಲಿ ಪತ್ರ ಎರಡಾಗದಿರಲಿ ಎಂದು ಅನೇಕ ಪ್ರೋಗ್ರಾಂಗಳು ಆ ಪದಕ್ಕಿಂತ ಮೊದಲು > ಚಿಹ್ನೆ ಸೇರಿಸುತ್ತವೆ. ನನ್ನ ಹಳೆಯ ಇಂಗ್ಲಿಷ್ ಪತ್ರಗಳಲ್ಲಿ ಅಲ್ಲಲ್ಲಿ ಆ ಚಿಹ್ನೆ ಯಾಕಿದೆ ಎಂದು ಎಷ್ಟೋ ಸಲ ಯೋಚಿಸಿದ್ದೆ. ಉತ್ತರ ಸಿಕ್ಕಿದ್ದು ಈ ಹುಡುಕಾಟದಲ್ಲಿ.

ಪಠ್ಯದ ಫೈಲಿನಲ್ಲಿ ಫೋಟೋ ಹೇಗೆ ಇರುತ್ತದೆ, ಅಲ್ವಾ? 1992ರಲ್ಲಿ ನೇಥನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಮೈಮ್ ನಿಯಮ ಅದಕ್ಕೆ ದಾರಿ ಮಾಡಿತು. ಫೋಟೋದ ಪ್ರತಿ 3 ಬೈಟ್‌ಗಳನ್ನು 4 ಅಕ್ಷರಗಳಾಗಿ ಬರೆಯಲಾಗುತ್ತದೆ. ಹಾಗಾಗಿ ಪತ್ರದೊಳಗೆ ಸೇರಿದ ಫೋಟೋ ಸುಮಾರು ಮೂರನೇ ಒಂದು ಪಾಲು ದಪ್ಪವಾಗುತ್ತದೆ. ಎಲ್ಲ ಪ್ರೋಗ್ರಾಂಗಳೂ ಹೀಗೆ ಒಳಗೇ ಇಡುವುದಿಲ್ಲ. ಸ್ಟೀವ್ ಡಾರ್ನರ್ 1988ರಲ್ಲಿ ಬರೆದ, ಒಂದು ಕಾಲದಲ್ಲಿ ತುಂಬಾ ಹೆಸರು ಮಾಡಿದ್ದ ಯುಡೋರಾ, ಅಟ್ಯಾಚ್‌ಮೆಂಟ್‌ಗಳನ್ನು ಪತ್ರದಿಂದ ಬಿಡಿಸಿ ಬೇರೆ ಫೋಲ್ಡರಿನಲ್ಲಿ ಇಡುತ್ತಿತ್ತು. ಪತ್ರದಲ್ಲಿ ಉಳಿಯುತ್ತಿದ್ದದ್ದು ಆ ಫೈಲ್ ಎಲ್ಲಿದೆ ಎಂದು ಹೇಳುವ ಒಂದು ಸಾಲು. ಅದರ ಪತ್ರಗಳನ್ನಷ್ಟೇ ನಕಲು ಮಾಡಿಕೊಂಡರೆ ಫೋಟೋಗಳೆಲ್ಲ ಹಿಂದೆಯೇ ಉಳಿಯುತ್ತವೆ.

ಮೇಲ್‌ಡಿರ್ ಎಂಬ ಇನ್ನೊಂದು ರೂಪದಲ್ಲಿ ಒಂದು ಪತ್ರಕ್ಕೆ ಒಂದು ಫೈಲ್. ಒಂದು ಫೈಲ್ ಕೆಟ್ಟರೆ ಹೋಗುವುದು ಒಂದೇ ಪತ್ರ. ಬ್ಯಾಕಪ್ ಕೂಡ ಹಗುರ, ಹೊಸದಾಗಿ ಬಂದ ಫೈಲುಗಳನ್ನು ನಕಲು ಮಾಡಿದರೆ ಸಾಕು. ಇದರ ಎದುರು ತುದಿಯಲ್ಲಿ ಮೈಕ್ರೋಸಾಫ್ಟ್‌ನ ಮೇಲ್ ಪ್ರೋಗ್ರಾಂ ಔಟ್‌ಲುಕ್‌ನ ಪಿಎಸ್‌ಟಿ ರೂಪ ಇದೆ. ಪತ್ರ, ಕ್ಯಾಲೆಂಡರ್, ವಿಳಾಸ ಎಲ್ಲವೂ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿ. ಔಟ್‌ಲುಕ್ 2002ರವರೆಗೆ ಆ ಪೆಟ್ಟಿಗೆಯ ಮಿತಿ 2 ಜಿಬಿ. ಅದನ್ನು ಮೀರಿದ ಫೈಲ್ ತೆರೆಯದೇ ಹೋಗುತ್ತಿತ್ತು. 2010ರಲ್ಲಿ ಮೈಕ್ರೋಸಾಫ್ಟ್ ಆ ರೂಪದ ವಿವರಗಳನ್ನು ಬಹಿರಂಗ ಮಾಡಿತು. ಆದರೂ ಬೇರೆಯವರು ಅದನ್ನು ಓದಬೇಕಾದರೆ ಅದಕ್ಕಾಗಿಯೇ ಬರೆದ ಉಪಕರಣ ಬೇಕು. ಎಂಬಾಕ್ಸ್‌ಗೆ ನೋಟ್‌ಪ್ಯಾಡ್‌ನಂಥ ಯಾವ ಟೆಕ್ಸ್ಟ್ ಎಡಿಟರ್ ಆದರೂ ಸಾಕು.

ಇಷ್ಟು ಗೊತ್ತಾದ ಮೇಲೆ ನನ್ನ ಆಯ್ಕೆಯ ಅಳತೆಗೋಲೇ ಬದಲಾಯಿತು. ಪ್ರತಿ ಪ್ರೋಗ್ರಾಮಿನಲ್ಲೂ ಮೊದಲು ಹುಡುಕಿದ್ದು ಹೊರಹೋಗುವ ದಾರಿಯನ್ನು. ಎಲ್ಲ ಪತ್ರಗಳನ್ನೂ ಎಂಬಾಕ್ಸ್ ಅಥವಾ ಪತ್ರಕ್ಕೊಂದರಂತೆ ಬಿಡಿಬಿಡಿ ಇಎಂಎಲ್ ಫೈಲುಗಳಾಗಿ ಹೊರತೆಗೆಯಬಹುದೇ? ವಿಳಾಸಗಳನ್ನು ಬೇರೆ ಪ್ರೋಗ್ರಾಂಗಳೂ ಓದಬಲ್ಲ ವಿಕಾರ್ಡ್ ರೂಪದಲ್ಲಿ ಕೊಡುತ್ತದೆಯೇ? ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಇಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. 2004ರ ಡಿಸೆಂಬರಿನಲ್ಲಿ 1.0 ಆವೃತ್ತಿ ಬಂತು, ಅದರ ಸೋರ್ಸ್ ಕೋಡ್ ಯಾರು ಬೇಕಾದರೂ ನೋಡುವಂತೆ ತೆರೆದಿದೆ, ಸ್ಥಳೀಯ ಪತ್ರಗಳು ಎಂಬಾಕ್ಸ್‌ನಲ್ಲಿ ಇರುತ್ತವೆ. ಲಿನಕ್ಸ್‌ನಲ್ಲಿ ಎವಲ್ಯೂಷನ್ ಮತ್ತು ಕ್ಲಾಸ್ ಮೇಲ್, ಮ್ಯಾಕ್‌ನಲ್ಲಿ ಅದರದ್ದೇ ಮೇಲ್ ಇವೆ. ವಿಂಡೋಸ್‌ನ ಜೊತೆ ಬರುತ್ತಿದ್ದ ಮೇಲ್ ಆ್ಯಪ್‌ಗೆ 2024ರ ಕೊನೆಗೆ ಬೆಂಬಲ ನಿಂತಿತು. ಅದರ ಜಾಗಕ್ಕೆ ಬಂದ ಹೊಸ ಔಟ್‌ಲುಕ್ ಜಿಮೇಲ್‌ನಂಥ ಬೇರೆ ಕಂಪನಿಗಳ ಖಾತೆಯ ಪತ್ರಗಳನ್ನೂ ಮೈಕ್ರೋಸಾಫ್ಟ್‌ನ ಕ್ಲೌಡಿಗೆ ಸಿಂಕ್ ಮಾಡುತ್ತದೆ. ಪತ್ರ ತನ್ನ ಸರ್ವರ್ ಮತ್ತು ತನ್ನ ಕಂಪ್ಯೂಟರ್ ನಡುವೆ ಮಾತ್ರ ಓಡಾಡಲಿ ಎನ್ನುವವರು ಇದನ್ನು ತಿಳಿದೇ ಆರಿಸಬೇಕು.

ಇನ್ನೊಂದು ಸಣ್ಣ ವಿಷಯ. ಪತ್ರದಲ್ಲಿನ ಚಿತ್ರಗಳನ್ನು ಹೊರಗಿನ ಸರ್ವರಿನಿಂದ ತಾನಾಗಿಯೇ ತರುವ ಪ್ರೋಗ್ರಾಂ ಬೇಡ. ಕಣ್ಣಿಗೆ ಕಾಣದ ಒಂದು ಚುಕ್ಕೆಯ ಚಿತ್ರದಿಂದಲೇ ನೀವು ಪತ್ರ ತೆರೆದ ಹೊತ್ತು ಕಳಿಸಿದವರಿಗೆ ತಿಳಿಯುತ್ತದೆ.

ಸಾಗಿಸುವ ಕೆಲಸಕ್ಕೆ ಒಂದು ಸುಲಭ ಉಪಾಯವಿದೆ. ಹಳೆಯದು ಇನ್ನೂ ಸರ್ವರಿಗೆ ಸೇರುತ್ತಿದ್ದರೆ, ಹಳೆಯದು ಹೊಸದು ಎರಡರಲ್ಲೂ ಒಂದೇ ಐಮ್ಯಾಪ್ ಖಾತೆ ಹಾಕಿ. ಹಳೆಯದರಲ್ಲಿರುವ ಸ್ಥಳೀಯ ಫೋಲ್ಡರುಗಳನ್ನು ಆ ಖಾತೆಯೊಳಗೆ ಸ್ವಲ್ಪಸ್ವಲ್ಪವಾಗಿ ನಕಲು ಮಾಡಿ. ಅವು ಸರ್ವರಿಗೆ ಏರಿ, ಹೊಸದರಲ್ಲಿ ಇಳಿಯುತ್ತವೆ. ಫೈಲಿನ ರೂಪ ಯಾವುದು ಎಂಬ ಚಿಂತೆಯೇ ಇರುವುದಿಲ್ಲ. ಸರ್ವರಿನಲ್ಲಿ ಜಾಗ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ನನಗೆ ಈ ದಾರಿ ಇರಲಿಲ್ಲ. ಹಳೆಯದು ಆಗಲೇ ಬಾಗಿಲಾಚೆ ನಿಂತಿತ್ತು. ಎಂಬಾಕ್ಸ್ ಫೈಲುಗಳು ಡಿಸ್ಕಿನಲ್ಲಿದ್ದವು ಎನ್ನುವುದೊಂದೇ ನನ್ನನ್ನು ಉಳಿಸಿದ್ದು.

ಆಮದು ಮುಗಿದ ಮೇಲೆ ಪ್ರತಿ ಫೋಲ್ಡರಿನ ಲೆಕ್ಕ ತಾಳೆ ನೋಡಿದೆ. ತೀರಾ ಹಳೆಯ ಪತ್ರ, ಕನ್ನಡದ ಪತ್ರ, ದೊಡ್ಡ ಅಟ್ಯಾಚ್‌ಮೆಂಟ್ ಇದ್ದ ಪತ್ರ, ಇವನ್ನು ಒಂದೊಂದಾಗಿ ತೆರೆದೆ. ಎಲ್ಲ ಸರಿಯಿತ್ತು. ಆದರೆ ಒಂದು ಫೋಲ್ಡರಿನಲ್ಲಿ ಪತ್ರಗಳು ಕಡಿಮೆಯಾಗುವ ಬದಲು ನೂರಾರು ಜಾಸ್ತಿಯಾಗಿದ್ದವು. ನೋಡಿದರೆ ಎಂದೋ ಅಳಿಸಿದ ಪತ್ರಗಳು! ಅಳಿಸಿದಾಗ ಆ ಪ್ರೋಗ್ರಾಂ ಎಂಬಾಕ್ಸ್‌ನಿಂದ ಪತ್ರವನ್ನು ತೆಗೆಯುತ್ತಿರಲಿಲ್ಲ, ಅಳಿಸಿದೆ ಎಂಬ ಗುರುತು ಮಾತ್ರ ಹಾಕುತ್ತಿತ್ತು. ನಿಜವಾಗಿ ತೆಗೆಯುವುದು ‘ಕಾಂಪ್ಯಾಕ್ಟ್’ ಒತ್ತಿದಾಗ. ಹನ್ನೆರಡು ವರ್ಷದಲ್ಲಿ ಅದನ್ನು ನಾನು ಒಮ್ಮೆಯೂ ಒತ್ತಿರಲಿಲ್ಲ. ಫೈಲುಗಳ ಒಂದು ನಕಲನ್ನು ಬೇರೆ ಡಿಸ್ಕಿಗೆ ಹಾಕಿ, ಹಳೆಯ ಪ್ರೋಗ್ರಾಂ ತೆರೆದು ಕಾಂಪ್ಯಾಕ್ಟ್ ಮಾಡಿ, ಆ ಫೋಲ್ಡರನ್ನು ಮತ್ತೆ ಆಮದು ಮಾಡಿದೆ. ಈ ಸಲ ಲೆಕ್ಕ ತಾಳೆಯಾಯಿತು.