ಆರ್ಕಿಟೆಕ್ಟ್ ಅಂದವರ ನೋಂದಣಿ ಸಂಖ್ಯೆ ಕೇಳಿ

ನಮ್ಮಂಥ ಆರ್ಕಿಟೆಕ್ಟ್‌ಗಳ ಬಳಿ ಮನೆ ಕಟ್ಟಿಸಲು ಬರುವವರು ಎಷ್ಟು ವರ್ಷದ ಅನುಭವ, ಚದರಕ್ಕೆ ಎಷ್ಟಾಗುತ್ತದೆ, ವಾಸ್ತು ನೋಡುತ್ತೀರಾ ಎಂದೆಲ್ಲ ಕೇಳುತ್ತಾರೆ. ನೋಂದಣಿ ಸಂಖ್ಯೆ ಕೇಳುವವರು ತುಂಬಾ ಕಡಿಮೆ. ನಾನಂತೂ ಮೊದಲು ಅದನ್ನೇ ಕೇಳಿ ಎನ್ನುತ್ತೇನೆ.

ನಮ್ಮ ದೇಶದಲ್ಲಿ ಈ ವೃತ್ತಿಗೆ ಇರುವ ಕಾನೂನು 1972ರ ಆರ್ಕಿಟೆಕ್ಟ್ಸ್ ಆ್ಯಕ್ಟ್. ಅದರ ಕೆಳಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಕೆಲಸ ಮಾಡುತ್ತದೆ. ಐದು ವರ್ಷದ ಆರ್ಕಿಟೆಕ್ಚರ್ ಪದವಿ (ಬಿ.ಆರ್ಕ್) ಓದಿದವರು ಅಲ್ಲಿ ಹೆಸರು ನೋಂದಾಯಿಸುತ್ತಾರೆ. ‘ಸಿಎ’ ಎಂದು ಶುರುವಾಗಿ, ವರ್ಷ ಮತ್ತು ಕ್ರಮಸಂಖ್ಯೆ ಇರುವ ಒಂದು ನಂಬರ್ ಸಿಗುತ್ತದೆ. ಇಡೀ ದೇಶಕ್ಕೆ ಅದೇ ನಂಬರ್. ನವೀಕರಣದ ಶುಲ್ಕ ಕಟ್ಟದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ.

ಈ ಕಾನೂನು ಕಾಯುವುದು ಹೆಸರನ್ನು, ಕೆಲಸವನ್ನಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. 37ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಆದರೆ ಕಟ್ಟಡದ ವಿನ್ಯಾಸ, ಮೇಲ್ವಿಚಾರಣೆ ಮಾಡಬಾರದು ಎಂದು ಅದು ಹೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಸ್ಪಷ್ಟಪಡಿಸಿತು. ನಕ್ಷೆಗೆ ಯಾರು ಸಹಿ ಹಾಕಬಹುದು ಎಂಬುದು ಆಯಾ ಊರಿನ ಕಟ್ಟಡ ನಿಯಮಕ್ಕೆ ಬಿಟ್ಟ ವಿಷಯ. ಒಳ್ಳೆಯ ಮನೆ ವಿನ್ಯಾಸ ಮಾಡುವ ಸಿವಿಲ್ ಎಂಜಿನಿಯರುಗಳು ಬೇಕಾದಷ್ಟಿದ್ದಾರೆ, ಅವರ ಬಗ್ಗೆ ನನಗೆ ತಕರಾರಿಲ್ಲ. ಇಲ್ಲದ ಅರ್ಹತೆಯನ್ನು ಬೋರ್ಡಿನಲ್ಲಿ ಬರೆದುಕೊಳ್ಳುವುದು ಮಾತ್ರ ಮೋಸವೇ.

ಆ ಮೋಸಕ್ಕೆ ಕಾಯ್ದೆ ಇಟ್ಟ ದಂಡ ಮೊದಲ ಸಲ ಹೆಚ್ಚೆಂದರೆ 500 ರೂಪಾಯಿ. ಮತ್ತೆ ಮಾಡಿದರೆ 1,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದೂ ಕೌನ್ಸಿಲ್ಲಿನ ಆದೇಶದ ಮೇಲೆ ಅಥವಾ ಅದು ಅಧಿಕಾರ ಕೊಟ್ಟವರಿಂದ ದೂರು ಹೋದರೆ ಮಾತ್ರ ಕೋರ್ಟ್ ಕೇಸು ತೆಗೆದುಕೊಳ್ಳುತ್ತದೆ. ಇಷ್ಟು ಸಣ್ಣ ದಂಡಕ್ಕೆ ಯಾರು ಹೆದರುತ್ತಾರೆ? ಈ ಭಾಗವನ್ನು ಗಟ್ಟಿ ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ.

ನೋಂದಣಿಯಿಂದ ಮನೆ ಕಟ್ಟಿಸುವವರಿಗೆ ಏನು ಲಾಭ ಅಂತೀರಾ? ನಮ್ಮ ಮೇಲೆ 1989ರ ವೃತ್ತಿ ನಡತೆಯ ನಿಯಮಗಳಿವೆ. ಕೆಲಸ ಹಿಡಿಯಲು ಕಮಿಷನ್ ಕೊಡುವಂತಿಲ್ಲ, ಕೆಲಸ ಕೊಡಿಸಿದ್ದಕ್ಕೆ ತೆಗೆದುಕೊಳ್ಳುವಂತಿಲ್ಲ. ಬೇರೆ ಆರ್ಕಿಟೆಕ್ಟ್ ಕೈಯಲ್ಲಿರುವ ಕೆಲಸವನ್ನು ಕಿತ್ತುಕೊಳ್ಳಲು ಹೋಗುವಂತಿಲ್ಲ. ತಪ್ಪಿದರೆ ನೀವು ಕೌನ್ಸಿಲ್‌ಗೆ ದೂರು ಕೊಡಬಹುದು. ವಿಚಾರಣೆ ನಡೆದು, ತಪ್ಪು ಸಾಬೀತಾದರೆ ಎಚ್ಚರಿಕೆ ಕೊಡುವ, ಅಮಾನತು ಮಾಡುವ, ಪಟ್ಟಿಯಿಂದಲೇ ಹೆಸರು ತೆಗೆಯುವ ಅಧಿಕಾರ ಅದಕ್ಕಿದೆ. ನೋಂದಣಿ ಇಲ್ಲದವರ ವಿರುದ್ಧವೂ ಗ್ರಾಹಕ ಕೋರ್ಟಿಗೆ ಹೋಗಬಹುದು, ನಿಜ. ಆದರೆ ಅವರನ್ನು ಕರೆದು ವೃತ್ತಿ ನಡತೆಯ ಬಗ್ಗೆ ಕೇಳಲು ಕೌನ್ಸಿಲ್‌ಗೆ ಆಗುವುದಿಲ್ಲ.

ಇನ್ನೊಂದು ಮಾತು. ಪಾಲುದಾರಿಕೆ ಸಂಸ್ಥೆ ‘ಆರ್ಕಿಟೆಕ್ಟ್ಸ್’ ಎಂದು ಹೆಸರಿಟ್ಟುಕೊಳ್ಳಬೇಕಾದರೆ ಅದರ ಪಾಲುದಾರರೆಲ್ಲ ನೋಂದಾಯಿತರಾಗಿರಬೇಕು. ಒಬ್ಬರ ನಂಬರ್ ತೋರಿಸಿ ಉಳಿದವರು ಕೆಲಸ ಮಾಡುವುದೂ ಉಂಟು. ಅದಕ್ಕೇ ಕರಾರು ಪತ್ರದಲ್ಲಿ ನಿಮ್ಮ ಮನೆಯ ಹೊಣೆ ಹೊರುವವರ ಹೆಸರು ಮತ್ತು ನಂಬರ್ ಬರೆಸಿ, ಅವರಿಂದಲೇ ಸಹಿ ಹಾಕಿಸಿ. ಮುಂಗಡ ಕೊಡುವ ಮೊದಲು ಆ ನಂಬರನ್ನು ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿ ಹಾಕಿ, ಹೆಸರು ಹೊಂದುತ್ತದೆಯಾ ಎಂದು ನೋಡಿ.