ಗೆರೆ ಯಾರದು? ತೊರಿಯಾಮ ನೆರಳಲ್ಲಿ ಟೊಯೊಟಾರೊ

‘ಡ್ರ್ಯಾಗನ್ ಬಾಲ್’ ಎಂಬ ಜಪಾನಿ ಮಾಂಗಾದ (ಚಿತ್ರಕಥೆಯ) ಸೃಷ್ಟಿಕರ್ತ ಅಕಿರಾ ತೊರಿಯಾಮ ತೀರಿಕೊಂಡದ್ದು 2024ರ ಮಾರ್ಚ್ 1ರಂದು. ಸುದ್ದಿ ಹೊರಬಿದ್ದದ್ದು 8ಕ್ಕೆ. ಅದೇ ತಿಂಗಳು ‘ವಿ ಜಂಪ್’ ಮಾಸಪತ್ರಿಕೆಯಲ್ಲಿ ಅದರ ಮುಂದುವರಿಕೆಯಾದ ‘ಡ್ರ್ಯಾಗನ್ ಬಾಲ್ ಸೂಪರ್’ ಮಾಂಗಾದ 103ನೇ ಅಧ್ಯಾಯ ಬಂತು, ಆಮೇಲೆ ಧಾರಾವಾಹಿ ನಿಂತಿತು. ವಿಚಿತ್ರವೆಂದರೆ ಅದರ ಪುಟಗಳನ್ನು ಬಿಡಿಸುತ್ತಿದ್ದವರು ತೊರಿಯಾಮ ಅಲ್ಲ, ಟೊಯೊಟಾರೊ. ಚಿತ್ರಕಾರ ಇದ್ದೂ ಕಥೆ ನಿಂತದ್ದೇಕೆ?

ಮೂಲ ‘ಡ್ರ್ಯಾಗನ್ ಬಾಲ್’ 1984ರಿಂದ 1995ರವರೆಗೆ ನಡೆಯಿತು. 519 ಅಧ್ಯಾಯ, 42 ಸಂಪುಟ. ತೊರಿಯಾಮಗೆ ಸಾಕಾಗಿತ್ತು, ಓದುಗರಿಗೆ ಸಾಕಾಗಿರಲಿಲ್ಲ. 1996ರಲ್ಲಿ ‘ಜಿಟಿ’ ಎಂಬ ಟೀವಿ ಸರಣಿ ಬಂದು ಹೋಯಿತು. ಆಮೇಲೆ ಹುಟ್ಟಿದ್ದು ‘ಎಎಫ್’ ಎಂಬ ವದಂತಿ: ಇನ್ನೊಂದು ಮುಂದುವರಿಕೆ ಇದೆಯಂತೆ, ಕಥಾನಾಯಕ ಗೋಕುಗೆ ಉದ್ದ ಕೂದಲಿನ ಹೊಸ ರೂಪವಂತೆ! ಇದ್ದದ್ದು ಯಾರೋ ಅಭಿಮಾನಿ ಬರೆದ ಒಂದು ಚಿತ್ರ, ಅಷ್ಟೇ. ಕಾರ್ಟೂನ್ ನೆಟ್‌ವರ್ಕ್ ನೋಡಿ ಬೆಳೆದ ನಮ್ಮಂಥವರು ಸೈಬರ್ ಸೆಂಟರಿನಲ್ಲಿ ಕೂತು ಅದನ್ನು ನಂಬಿದ್ದೂ ಉಂಟು.

ಜಪಾನಿನ ಅಭಿಮಾನಿಗಳು ನಂಬಿ ಸುಮ್ಮನೆ ಕೂರಲಿಲ್ಲ, ತಾವೇ ಬರೆದರು. ಅಲ್ಲಿ ಇದಕ್ಕೆ ‘ದೋಜಿನ್‌ಶಿ’ ಎನ್ನುತ್ತಾರೆ, ಅಂದರೆ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪುಸ್ತಕ. 1975ರಿಂದ ಟೋಕಿಯೊದಲ್ಲಿ ನಡೆಯುತ್ತಿರುವ ‘ಕಾಮಿಕೆಟ್’ ಸಂತೆಯೇ ಇಂಥವುಗಳಿಗಾಗಿ ಇದೆ. ಬೇರೆಯವರ ಪಾತ್ರಗಳನ್ನು ಎತ್ತಿಕೊಂಡು ಬರೆದರೂ ಪ್ರಕಾಶಕರು ಸಾಮಾನ್ಯವಾಗಿ ಕಂಡೂ ಕಾಣದಂತಿರುತ್ತಾರೆ. ನಾಳಿನ ಕಲಾವಿದರು ಅಲ್ಲೇ ಕೈ ಪಳಗಿಸಿಕೊಳ್ಳುತ್ತಾರೆ ಎಂಬುದು ಅವರಿಗೂ ಗೊತ್ತು. ‘ಎಎಫ್’ ಹೆಸರಿನಲ್ಲಿ ಬಂದ ಪುಸ್ತಕಗಳಲ್ಲಿ ‘ಟೊಯ್‌ಬ್ಲೆ’ ಎಂಬ ಹೆಸರಿನಲ್ಲಿ ಒಬ್ಬರು ಬರೆದದ್ದು ತೊರಿಯಾಮ ಶೈಲಿಯನ್ನು ಅಚ್ಚೊತ್ತಿದಂತಿತ್ತು. ಮುಂದೆ ಟೊಯೊಟಾರೊ ಹೆಸರು ಕೇಳಿಬಂದಾಗ ಅಭಿಮಾನಿಗಳು ಗೆರೆಗೆ ಗೆರೆ ಹೋಲಿಸಿ, ಇಬ್ಬರೂ ಒಬ್ಬರೇ ಎಂದು ತಾವೇ ತೀರ್ಪು ಕೊಟ್ಟುಬಿಟ್ಟರು.

ಟೊಯೊಟಾರೊ ಅವರ ಅಧಿಕೃತ ಪ್ರವೇಶ ಆದದ್ದು 2012ರಲ್ಲಿ, ‘ವಿಕ್ಟರಿ ಮಿಷನ್’ ಮೂಲಕ. ಆರ್ಕೇಡ್ ಅಂಗಡಿಗಳ ಕಾರ್ಡ್ ಆಟವೊಂದಕ್ಕೆ ಹೊಂದಿಕೊಂಡ ಉಪಕಥೆ ಅದು, ಒಂದರ್ಥದಲ್ಲಿ ಜಾಹೀರಾತೇ. 2015ರಲ್ಲಿ ‘ರೆಸರೆಕ್ಷನ್ ಎಫ್’ ಸಿನಿಮಾದ ಮಾಂಗಾ ರೂಪ, ಅದೇ ವರ್ಷದ ಜೂನ್‌ನಲ್ಲಿ ‘ಸೂಪರ್’.

ಕೆಲಸದ ಕ್ರಮ ಹೀಗಿತ್ತು. ತೊರಿಯಾಮರಿಂದ ಕಥೆಯ ಹಂದರ ಬರುತ್ತದೆ. ಟೊಯೊಟಾರೊ ಅದನ್ನು ‘ನೇಮು’ ಮಾಡುತ್ತಾರೆ: ಪುಟವನ್ನು ಚೌಕಗಳಾಗಿ ಒಡೆದು, ಯಾರು ಎಲ್ಲಿ ನಿಂತು ಏನು ಹೇಳುತ್ತಾರೆ ಎಂದು ಒರಟಾಗಿ ಗೀಚಿದ ಕರಡು. ಅದು ಸಂಪಾದಕರ ಮೂಲಕ ತೊರಿಯಾಮರ ಮೇಜಿಗೆ ಹೋಗುತ್ತದೆ, ತಿದ್ದುಪಡಿಯೊಂದಿಗೆ ಮರಳುತ್ತದೆ. ಶಾಯಿ ಬೀಳುವುದು ಆಮೇಲೆ.

ಮೊದಮೊದಲ ಅಧ್ಯಾಯಗಳು ನನಗೆ ಕಾಪಿ ಪುಸ್ತಕದಂತೆ ಕಂಡಿದ್ದವು. ಹಳೆಯ ಭಂಗಿಗಳು, ಹಳೆಯ ಹೊಡೆತಗಳು. 2018ರಲ್ಲಿ ‘ಸೂಪರ್’ನ ಟೀವಿ ಸರಣಿ 131 ಕಂತುಗಳಿಗೆ ಮುಗಿದ ಮೇಲೆ ಚಿತ್ರ ಬದಲಾಯಿತು. ಗ್ರಹಗಳ ಜೀವಶಕ್ತಿಯನ್ನೇ ನುಂಗುವ ಆಡಿನ ಮುಖದ ಮಾಂತ್ರಿಕ ಮೊರೊ ಬಂದ. ಆ ಭಾಗದ ಮೂಲ ಕಲ್ಪನೆ ಟೊಯೊಟಾರೊ ಅವರದು. ತೊರಿಯಾಮ ನೋಡಿ, ತಿದ್ದಿ, ಒಪ್ಪಿದ್ದರು. ಗೆರೆ ಇನ್ನೂ ಗುರುವಿನದೇ, ಆದರೆ ಕಥೆಯ ನಡೆ ಶಿಷ್ಯನದು.

ಅಂದರೆ 2024ರ ಮಾರ್ಚ್‌ನಲ್ಲಿ ಹೋದದ್ದು ಕರಡನ್ನು ನೋಡಿ ಒಪ್ಪುವ ಕಣ್ಣು. ಇಂಥ ಖಾಲಿತನವನ್ನು ಬೇರೆಯವರು ದಾಟಿದ್ದಾರೆ: 2009ರಲ್ಲಿ ಯೊಶಿತೊ ಉಸುಯಿ ಸತ್ತ ಮೇಲೆ ‘ಶಿನ್‌ಚಾನ್’ ಅನ್ನು ಅವರ ಸಹಾಯಕರೇ ಮುಂದುವರಿಸಿದರು, 2021ರಲ್ಲಿ ಕೆಂಟಾರೊ ಮಿಯುರಾ ಹೋದರು, ಮರುವರ್ಷವೇ ಗೆಳೆಯ ಕೋಜಿ ಮೋರಿ ಮೇಲ್ವಿಚಾರಣೆಯಲ್ಲಿ ‘ಬರ್ಸರ್ಕ್’ ಮತ್ತೆ ಶುರುವಾಯಿತು. ‘ಸೂಪರ್’ಗೆ 2025ರ ಫೆಬ್ರುವರಿಯಲ್ಲಿ ಸಿಕ್ಕಿದ್ದು 104ನೇ ಅಧ್ಯಾಯವೊಂದೇ. ಗೋಟೆನ್, ಟ್ರಂಕ್ಸ್ ಹುಡುಗರು ಮುಖವಾಡ ಹಾಕಿಕೊಂಡು ಮಾಡುವ ಬಿಡಿ ಸಾಹಸ ಅದು. 2022ರ ಆಗಸ್ಟ್‌ ಅಧ್ಯಾಯದಲ್ಲಿ ಕಪ್ಪು ರೂಪ ತಾಳಿ ಬಂದ ಖಳ ಫ್ರೀಝಾ, ಗೋಕು ಮತ್ತು ಅವನ ಜೊತೆಗಾರ ವೆಜಿಟಾ ಇಬ್ಬರನ್ನೂ ಒಂದೊಂದೇ ಏಟಿಗೆ ಕೆಡವಿ ಹೊರಟುಹೋಗಿದ್ದ. ಆ ಗಂಟಿಗೆ 104ನೇ ಅಧ್ಯಾಯವೂ ಕೈ ಹಾಕಲಿಲ್ಲ.